ವಿಶಿಯನ್ನು ಕೈಬಿಟ್ಟ ಬೇಸಿಗೆ

"ಮೂರಾಟ ಆಯ್ತು ಕಣ್ಲಾ, ಮೂರ್ಕೂ ಸೊನ್ನೆ. ನಿಜವಾದೋರೇ ಅವನ್ನ ಬುಟ್ಟಾಕವ್ರೆ, ನೀನ್ಯಾಕ್ಲಾ ಮಡಿಕ್ಕಂಡಿದ್ದೀಯ?"

1983ರ ಬೇಸಿಗೆ ರಜೆ, ಪಾಂಡವಪುರದ ನಮ್ಮ ಮನೆಯ ಜಗಲಿ. ಹೀಗೆ ಕೇಳಿದವನು ಕೆ.ಆರ್. ಪೇಟೆಯ ಮಾವನ ಮಗ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ವರಸೆಯಲ್ಲಿ ಭಾವ, ನಮ್ಮಿಬ್ಬರ ಕ್ರಿಕೆಟ್ ಮಂಡಳಿಗೆ ತನ್ನನ್ನು ತಾನೇ ಅಧ್ಯಕ್ಷನನ್ನಾಗಿ ನೇಮಿಸಿಕೊಂಡವನು. ಮಾತು ನಡೆದದ್ದು ಜಿ.ಆರ್. ವಿಶ್ವನಾಥ್, ಅಂದರೆ ನಮ್ಮ ವಿಶಿಯ ಬಗ್ಗೆ. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ ಅಲ್ಲ, ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆಡುತ್ತಿದ್ದ ವಿಶ್ವನಾಥ್.

ಬುಕ್ ಕ್ರಿಕೆಟ್ ಆಡಿದವರಿಗೆ ಹೇಳಬೇಕಾಗಿಲ್ಲ, ಆಡದ ಈಗಿನ ಮಕ್ಕಳಿಗೆ ಹೇಳುತ್ತೇನೆ. ಪಠ್ಯಪುಸ್ತಕವನ್ನು ಕಣ್ಣುಮುಚ್ಚಿ ಬಿಚ್ಚಬೇಕು. ಎಡಗಡೆ ಪುಟದ ಕೊನೆಯ ಅಂಕಿ ಎರಡಾದರೆ ಎರಡು ರನ್, ನಾಲ್ಕಾದರೆ ಬೌಂಡರಿ, ಆರಾದರೆ ಸಿಕ್ಸರ್. ಎಂಟಕ್ಕೆ ಊರಿಗೊಂದು ಕಾನೂನು, ನಮ್ಮಲ್ಲಿ ಒಂದು ರನ್. ಸೊನ್ನೆ ಬಂದರೆ ಔಟ್. ಭಾವನದು ಸಮಾಜದ ಪುಸ್ತಕ, ನನ್ನದು ವಿಜ್ಞಾನದ್ದು. ಅವರವರ ತಂಡಕ್ಕೆ ಅವರವರ ಪುಸ್ತಕವೇ ಬ್ಯಾಟು, ಅದೇ ಪಿಚ್ಚು, ಅದೇ ಅಂಪೈರು.

ನನ್ನ ಆಟಗಾರರಲ್ಲಿ ವಿಶಿಯೇ ಮೇಲು ಅನ್ನುವುದಕ್ಕೆ ಪುಸ್ತಕದ ಸಾಕ್ಷಿ ಬೇಕಿರಲಿಲ್ಲ. 1967ರಲ್ಲಿ ಮೈಸೂರು ರಾಜ್ಯದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ಮೇಲೆ 230. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್: ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಯಾದ ಹುಡುಗನನ್ನು ನಾಯಕ ಪಟೌಡಿ ಸಮಾಧಾನ ಮಾಡಿದ ಕತೆಯನ್ನು ನಮ್ಮ ತಂದೆ ಅದೆಷ್ಟು ಸಲ ಹೇಳಿದ್ದರೋ. ಆದರೆ 1982-83ರ ಪಾಕಿಸ್ತಾನ ಪ್ರವಾಸದಲ್ಲಿ ರನ್ ಬರಲಿಲ್ಲ, ವಾಪಸು ಬಂದಮೇಲೆ ಆಯ್ಕೆ ಸಮಿತಿ ಅವರನ್ನು ಕೈಬಿಟ್ಟಿತು. 91 ಟೆಸ್ಟ್, 6080 ರನ್, 14 ಶತಕ, ಅಲ್ಲಿಗೆ ಮುಗಿಯಿತು. ಇತ್ತ ಪಾಂಡವಪುರದ ಜಗಲಿಯ ಮೇಲೂ ವಿಶಿ ಸಾಲಾಗಿ ಮೂರು ಸೊನ್ನೆ. ಅಧ್ಯಕ್ಷರ ಒತ್ತಡಕ್ಕೆ ಮಣಿದು ನಾನು ಅವರ ಹೆಸರಿನ ಮೇಲೆ ಗೆರೆ ಎಳೆದೆ. ಜಾಗ ಖಾಲಿ ಬಿಡುವಂತಿಲ್ಲವಲ್ಲ, ಅಲ್ಲಿ ನನ್ನದೇ ಹೆಸರು ಬರೆದುಕೊಂಡೆ. ಮೊದಲ ಪಂದ್ಯದಲ್ಲಿ ನಾನು 37. ಆಮೇಲೆ ಸೊನ್ನೆ, ನಾಲ್ಕು, ಸೊನ್ನೆ.

ಆ ನೋಟ್‌ಬುಕ್ಕನ್ನು ಮೊದಲು ಹಿಡಿದುಹಾಕಿದವರು ಶ್ರೀರಂಗಪಟ್ಟಣದ ಹೈಸ್ಕೂಲಿನ ನಮ್ಮ ಗಣಿತದ ಮೇಷ್ಟ್ರು. ಕಿವಿ ಹಿಂಡುತ್ತಾರೆ ಅಂದುಕೊಂಡಿದ್ದೆ. ಅವರು ಪುಟ ತಿರುವಿ ತಿರುವಿ ನೋಡಿ, "ಈ ಗೀಟು ಹೊಡೆದದ್ದು ಯಾಕೋ?" ಅಂದರು. ಫಾರ್ಮ್ ಹೋಗಿತ್ತು ಸಾರ್, ಅಂದೆ. ಅವರು ನಕ್ಕದ್ದು ಇನ್ನೂ ಕಣ್ಣಮುಂದಿದೆ. "ನಿನ್ನ ಹನ್ನೊಂದು ಜನವೂ ಒಬ್ಬನೇ ಕಣೋ. ಬೇರೆ ಬೇರೆ ಅಂಗಿ ಹಾಕ್ಕೊಂಡು ಬರ್ತಾನೆ, ಅಷ್ಟೆ."

ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದು ತೋರಿಸಿದರು. ಐದು ಅಂಕಿಗಳಲ್ಲಿ ಔಟಿನದು ಒಂದೇ. ಅಂದರೆ ಔಟಾಗುವ ಮೊದಲು ಸರಾಸರಿ ನಾಲ್ಕು ಹೊಡೆತ ಸಿಗಬೇಕು. ಎರಡು, ನಾಲ್ಕು, ಆರು, ಒಂದು, ಇವುಗಳ ಸರಾಸರಿ ಮೂರೂಕಾಲು. ಹಾಗಾಗಿ ವಿಶಿಯಾಗಲಿ, ಬೌಲರ್ ಚಂದ್ರಶೇಖರ್ ಆಗಲಿ, ಬುಕ್ ಕ್ರಿಕೆಟ್ಟಿನಲ್ಲಿ ಯಾರೇ ಬಂದರೂ ಸರಾಸರಿ 13 ರನ್. ಸೊನ್ನೆಗೆ ಔಟಾಗುವುದು ಐದಕ್ಕೊಂದು ಸಲ. ಸಾಲಾಗಿ ಮೂರು ಸೊನ್ನೆ 125ಕ್ಕೊಂದು ಸಲ, ಅಪರೂಪವೇ. ಆದರೆ ಹನ್ನೊಂದು ಜನ ಮೂವತ್ತು ಪಂದ್ಯ ಆಡಿದರೆ ಅವರಲ್ಲಿ ಯಾರಿಗಾದರೂ ಅದು ಬಡಿಯದೆ ಇರುವುದೇ ಕಷ್ಟ. ಆ ಬೇಸಿಗೆಯಲ್ಲಿ ಅದು ವಿಶಿಗೆ ಬಡಿದಿತ್ತು.

ಈ ಹುಚ್ಚು ನಮ್ಮ ತಾಲೂಕಿನದೇ ಸ್ವತ್ತು ಅಂದುಕೊಂಡಿದ್ದೆ. ಅಮೆರಿಕದಲ್ಲಿ ದೊಡ್ಡ ದೊಡ್ಡ ಗಂಡಸರು ಇದನ್ನೇ ದಾಳ ಹಾಕಿ ಆಡುತ್ತಾರೆ, ಆಡಿ ಜಗಳವಾಡುತ್ತಾರೆ ಅಂತ ತಿಳಿದದ್ದು ಕೆಲಸಕ್ಕೆ ಸೇರಿದಮೇಲೆ. ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಹಾಲ್ ರಿಚ್‌ಮನ್ ಎಂಬ ಹನ್ನೊಂದು ವರ್ಷದ ಹುಡುಗ ಅಂಗಡಿಯಲ್ಲಿ ಸಿಗುತ್ತಿದ್ದ ಬೇಸ್‌ಬಾಲ್ ಆಟ ಸರಿಯಿಲ್ಲವೆಂದು ತಾನೇ ಒಂದನ್ನು ಕಟ್ಟಲು ಹೊರಟ. ದಾಳವನ್ನು ಸಾವಿರಾರು ಸಲ ಉರುಳಿಸಿ, ಯಾವ ಮೊತ್ತ ಎಷ್ಟು ಸಲ ಬೀಳುತ್ತದೆ ಅಂತ ಬರೆದಿಟ್ಟುಕೊಂಡ. ಎರಡು ದಾಳದಲ್ಲಿ ಏಳು ಬೀಳಲು ಆರು ದಾರಿ, ಹನ್ನೆರಡಕ್ಕೆ ಒಂದೇ ದಾರಿ. ನಾಗಮಂಗಲದ ನಮ್ಮ ಅಜ್ಜಿಗೆ ಈ ಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದರೆ ಹೆಚ್ಚಿಗೆ ಬೀಳುವುದು ಎರಡೇ, ಎಂಟು ನಂಬಿ ಕಾಯಿ ನಡೆಸಬಾರದು ಅಂತ ಗೊತ್ತಿತ್ತು.

ರಿಚ್‌ಮನ್ ತನ್ನ ಆಟವನ್ನು 1961ರಲ್ಲಿ ಸ್ಟ್ರ್ಯಾಟ್-ಓ-ಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಕೈಸುಟ್ಟುಕೊಂಡು ತಂದೆಯ ಹತ್ತಿರ ಐದು ಸಾವಿರ ಡಾಲರ್ ಸಾಲ ಕೇಳಬೇಕಾಯಿತು. ಇದೂ ಮುಳುಗಿದರೆ ನನ್ನ ವಿಮೆ ವ್ಯಾಪಾರಕ್ಕೆ ಬಂದು ಸೇರಬೇಕು ಅಂತ ತಂದೆ ಷರತ್ತು ಹಾಕಿದರಂತೆ. ಮುಳುಗಲಿಲ್ಲ. ಆಟದಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು. ಒಂದು ದಾಳ, ಓದಬೇಕಾದದ್ದು ಬ್ಯಾಟು ಹಿಡಿದವನ ಕಾರ್ಡೋ ಚೆಂಡು ಎಸೆಯುವವನ ಕಾರ್ಡೋ ಅಂತ ಹೇಳುತ್ತದೆ. ಉಳಿದೆರಡರ ಮೊತ್ತ ಫಲಿತಾಂಶ ಹೇಳುತ್ತದೆ. ನಮ್ಮ ಪುಸ್ತಕದ ಹಾಗೆ ಇಲ್ಲಿ ಎಲ್ಲರೂ ಒಬ್ಬನೇ ಅಲ್ಲ. ಒಳ್ಳೆಯ ಆಟಗಾರನ ಕಾರ್ಡಿನಲ್ಲಿ ಏಳರ ಮುಂದೆ ಹಿಟ್ ಇರುತ್ತದೆ, ಕಳಪೆಯವನದರಲ್ಲಿ ಔಟ್ ಇರುತ್ತದೆ.

ಇಷ್ಟಾದರೂ ಇಪ್ಪತ್ತು ಪಂದ್ಯ ಆದಮೇಲೆ ತಾರೆಯ ಆಟ ಕುಂಟಿದರೆ, ಆ ದೊಡ್ಡ ಗಂಡಸರೂ ನಮ್ಮ ಭಾವನ ಹಾಗೆಯೇ ಕೈಬಿಡೋಣವೇ ಅಂತ ಯೋಚಿಸಿ ಕೂರುತ್ತಾರೆ! ಕಾರ್ಡು ಮೇಜಿನ ಮೇಲೇ ಇದೆ. ಮೊದಲ ಪಂದ್ಯದಲ್ಲಿ ಅಚ್ಚಾಗಿದ್ದದ್ದೇ ಇಪ್ಪತ್ತನೆಯದರಲ್ಲೂ ಇದೆ. ಕಾರ್ಡಿಗೆ ಮೊಣಕಾಲು ನೋಯುವುದಿಲ್ಲ, ಮನೆಯಲ್ಲಿ ಜಗಳವಾಗುವುದಿಲ್ಲ. ಅಲ್ಲಿ ತಾರೆಯನ್ನು ಕೈಬಿಡುವುದೆಂದರೆ ದಾಳದ ಮೇಲಿನ ಸಿಟ್ಟನ್ನು ರಟ್ಟಿನ ಮೇಲೆ ತೀರಿಸಿಕೊಂಡ ಹಾಗೆ.

ತಾಪತ್ರಯ ಇರುವುದು ಒಂದು ಹೆಜ್ಜೆ ಹಿಂದೆ. ಆ ಕಾರ್ಡು ಎಲ್ಲಿಂದ ಬಂತು? ಹೋದ ವರ್ಷದ ನಿಜವಾದ ಅಂಕಿಗಳಿಂದ. ಆ ಅಂಕಿಗಳಲ್ಲಿ ಕಸುವೆಷ್ಟು, ಅದೃಷ್ಟವೆಷ್ಟು? ದೇವರೂ ದಾಳ ಹಾಕಿಯೇ ಆ ವರ್ಷವನ್ನು ಆಡಿಸಿದ್ದರೆ, ಒಬ್ಬೊಬ್ಬನ ನಿಜವಾದ ಕಾರ್ಡಿನಲ್ಲಿ ಏನು ಬರೆದಿದೆ ಅಂತ ಕಂಡುಹಿಡಿಯುವುದು ಹೇಗೆ?

ನಮ್ಮ ಊರಿನ ಹೆಸರಿಗೇ ದಾಳದಲ್ಲಿ ಸೋತವರು ಕಾರಣ. ಫ್ರೆಂಚ್ ರಾಕ್ಸ್ ಅಂತ ಕರೆಸಿಕೊಳ್ಳುತ್ತಿದ್ದ ಊರು ಪಾಂಡವಪುರವಾದದ್ದು, ವನವಾಸದ ಪಾಂಡವರು ಕುಂತಿ ಬೆಟ್ಟದಲ್ಲಿದ್ದರು ಎಂಬ ನಂಬಿಕೆಯ ಮೇಲೆ. ನನ್ನಂಥ ನತದೃಷ್ಟ ಇನ್ನೊಬ್ಬ ಇದ್ದಾನೆಯೇ ಅಂತ ಧರ್ಮರಾಯ ಕೊರಗಿದಾಗ ಬೃಹದಶ್ವ ಋಷಿ ಹೇಳಿದ್ದು ನಳನ ಕತೆ, ಕನಕದಾಸರು ಆಮೇಲೆ ಕನ್ನಡದಲ್ಲಿ 'ನಳಚರಿತ್ರೆ' ಮಾಡಿದ ಅದೇ ಕತೆ. ಅದರಲ್ಲಿ ಋತುಪರ್ಣ ರಾಜ ರಥದಲ್ಲಿ ಹೋಗುತ್ತಾ ತಾರೆ ಮರವೊಂದನ್ನು ನೋಡಿ ಅದರ ಕೊಂಬೆಗಳ ಎಲೆ, ಹಣ್ಣುಗಳ ಲೆಕ್ಕ ಹೇಳಿಬಿಡುತ್ತಾನೆ. ಬಾಹುಕನ ವೇಷದ ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಸರಿಯಾಗಿದೆ. ಎಲೆ ಎಣಿಸುವ ಈ ವಿದ್ಯೆಯನ್ನೂ ದಾಳದ ಮರ್ಮವನ್ನೂ ಆ ರಾಜ ಒಟ್ಟಿಗೆ ಬಲ್ಲವನಾಗಿದ್ದ. ದಾಳದ ಮರ್ಮವಾದ ಅಕ್ಷಹೃದಯ ಕಲಿಸಿಕೊಡು, ನಾನು ಕುದುರೆಯ ಮರ್ಮ ಕೊಡುತ್ತೇನೆ ಅಂತ ನಳ ವಿನಿಮಯ ಮಾಡಿಕೊಂಡ. ಸ್ವಲ್ಪ ನೋಡಿ ಪೂರ್ತಿಯನ್ನು ಹೇಳುವವನೇ ದಾಳವನ್ನು ಗೆಲ್ಲುತ್ತಾನೆ ಅನ್ನುವುದು ನಮ್ಮವರಿಗೆ ಅಷ್ಟು ಹಿಂದೆಯೇ ಹೊಳೆದಿತ್ತು ಅನ್ನಿಸಿ ನನಗೆ ಒಳಗೊಳಗೇ ಹೆಮ್ಮೆ. ಸೂತ್ರವನ್ನು ಮಾತ್ರ ಬರೆದಿಡಲಿಲ್ಲ.

ಬರೆದಿಟ್ಟವರು ಸ್ಟ್ಯಾನ್‌ಫೋರ್ಡಿನ ಚಾರ್ಲ್ಸ್ ಸ್ಟೈನ್. 1955ರಲ್ಲಿ ಬರ್ಕ್ಲಿಯ ಸಂಖ್ಯಾಶಾಸ್ತ್ರ ಸಮಾವೇಶದಲ್ಲಿ ಅವರು ಮಂಡಿಸಿದ್ದು ಎಷ್ಟು ವಿಚಿತ್ರವಾಗಿತ್ತೆಂದರೆ ಬಹಳ ಜನ ಅದನ್ನು ಒಪ್ಪುವುದಕ್ಕೇ ತಯಾರಿರಲಿಲ್ಲ. ಒಬ್ಬನ ಕಸುವು ತಿಳಿಯಬೇಕೆಂದರೆ ಅವನ ಸರಾಸರಿ ತೆಗೆಯಿರಿ, ಅದಕ್ಕಿಂತ ಒಳ್ಳೆಯ ಅಂದಾಜು ಇಲ್ಲ: ಇದು ಗೌಸನ ಕಾಲದಿಂದ ನಡೆದುಬಂದ ನಂಬಿಕೆ. ಒಬ್ಬರೋ ಇಬ್ಬರೋ ಆದರೆ ಅದು ಸರಿ, ಅಂದರು ಸ್ಟೈನ್. ಮೂರು ಅಥವಾ ಅದಕ್ಕಿಂತ ಹೆಚ್ಚು ಅಳತೆಗಳನ್ನು ಒಟ್ಟಿಗೆ ಅಂದಾಜು ಮಾಡುವಾಗ, ಒಂದೊಂದರ ಸರಾಸರಿಯನ್ನು ಅದರ ಪಾಡಿಗೆ ಬಿಡುವುದಕ್ಕಿಂತ ಕಡಿಮೆ ತಪ್ಪು ಮಾಡುವ ದಾರಿ ಯಾವಾಗಲೂ ಇದೆ. 1961ರಲ್ಲಿ ವಿಲರ್ಡ್ ಜೇಮ್ಸ್ ಜೊತೆ ಸೇರಿ ಆ ದಾರಿಯ ಸೂತ್ರವನ್ನೂ ಕೊಟ್ಟರು. ಎಲ್ಲರ ಅಂಕಿಯನ್ನೂ ಮೊದಲೇ ಗೊತ್ತುಮಾಡಿಕೊಂಡ ಒಂದು ನಡುಬಿಂದುವಿನ ಕಡೆಗೆ, ಅಳತೆಗಳು ನಾಲ್ಕಾದರೂ ಇದ್ದರೆ ಗುಂಪಿನ ನಡುಮಧ್ಯದ ಕಡೆಗೇ, ಒಂದಿಷ್ಟು ಎಳೆಯಬೇಕು. ಮೇಲಿದ್ದವನನ್ನು ಕೆಳಕ್ಕೆ, ಕೆಳಗಿದ್ದವನನ್ನು ಮೇಲಕ್ಕೆ.

ವಿಚಿತ್ರ ಎಲ್ಲಿದೆ ಅಂದರೆ, ಆ ಮೂರಕ್ಕೆ ಪರಸ್ಪರ ಸಂಬಂಧವೇ ಇರಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ನಾಗಮಂಗಲದ ಒಂದು ಹೊಲದ ರಾಗಿ, ಪಾಂಡವಪುರದ ಆಲೆಮನೆಯ ಬೆಲ್ಲದ ತೂಕ. ಮೂರನ್ನೂ ಅಳೆಯುವಾಗ ಅಷ್ಟಿಷ್ಟು ತಪ್ಪಾಗುತ್ತದೆ ಅಂದುಕೊಳ್ಳಿ. ಸ್ಟೈನ್ ಸೂತ್ರ ಹಾಕಿದರೆ ಮೂರರ ಒಟ್ಟು ತಪ್ಪು ಸರಾಸರಿಯಲ್ಲಿ ತಗ್ಗುತ್ತದೆ. ಬೆಲ್ಲಕ್ಕೂ ಅಣೆಕಟ್ಟಿಗೂ ಎಲ್ಲಿಯ ಸಂಬಂಧ? ಸಂಬಂಧ ಇರುವುದು ಮೂರರ ತಪ್ಪನ್ನೂ ಒಟ್ಟಿಗೆ ಕೂಡಿಸಿ ನೋಡುವುದರಲ್ಲಿ. ಬಿಡಿಬಿಡಿಯಾಗಿ ನಂಬಿದಾಗ ಮೂರರ ಆಕಸ್ಮಿಕಗಳೂ ಸೇರಿ ಅಂಕಿಗಳನ್ನು ಇರುವುದಕ್ಕಿಂತ ಹೆಚ್ಚು ಚೆಲ್ಲಾಪಿಲ್ಲಿ ಮಾಡಿರುತ್ತವೆ. ಎಳೆಯುವುದೆಂದರೆ ಆ ಚೆಲ್ಲಿದ್ದನ್ನು ಬಾಚಿಕೊಳ್ಳುವುದು. ಮೂರೂ ಒಂದೇ ಜಾತಿಯವಾದರೆ ಲಾಭ ಹೆಚ್ಚು, ಅಷ್ಟೆ.

ಇದು ಬರೀ ಕಾಗದದ ಜಾಣತನ ಅಲ್ಲವೆಂದು ಊರಿಗೆಲ್ಲ ತೋರಿಸಿಕೊಟ್ಟವರು ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮಾರಿಸ್, 1977ರ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ. 1970ರ ಬೇಸ್‌ಬಾಲ್ ಋತುವಿನ ಶುರುವಿನಲ್ಲಿ ಸರಿಯಾಗಿ 45 ಸಲ ಬ್ಯಾಟು ಹಿಡಿದಿದ್ದ 18 ಜನರನ್ನು ಅವರು ಆರಿಸಿಕೊಂಡರು. 45ರಲ್ಲಿ ಎಷ್ಟು ಹಿಟ್ ಅನ್ನುವುದನ್ನು ನೋಡಿ ಋತುವಿನ ಮಿಕ್ಕ ಭಾಗ ಹೇಗಿರುತ್ತದೆ ಅಂತ ಹೇಳಬೇಕು. ಎಲ್ಲರಿಗಿಂತ ಮೇಲೆ ಪಿಟ್ಸ್‌ಬರ್ಗಿನ ರಾಬರ್ಟೊ ಕ್ಲೆಮೆಂಟೆ, 45ಕ್ಕೆ 18, ಅಂದರೆ 0.400. ತೀರಾ ಕೆಳಗೆ ಇಬ್ಬರು: ನ್ಯೂಯಾರ್ಕ್ ಯಾಂಕೀಸಿನ ಹೊಸ ಹುಡುಗ ಥರ್ಮನ್ ಮನ್ಸನ್ 45ಕ್ಕೆ 8, ಮ್ಯಾಕ್ಸ್ ಆಲ್ವಿಸ್ 45ಕ್ಕೆ 7. ಗುಂಪಿನ ಸರಾಸರಿ 0.265.

ಸೂತ್ರ ಎಷ್ಟು ಎಳೆಯಿತು ಅನ್ನುವುದೇ ನನಗೆ ಮೈ ಜುಮ್ಮೆನಿಸಿದ ಸಂಗತಿ. ಗುಂಪಿನ ಸರಾಸರಿಯಿಂದ ಒಬ್ಬೊಬ್ಬ ಎಷ್ಟು ದೂರ ಇದ್ದನೋ ಅದರಲ್ಲಿ 0.212 ಪಾಲನ್ನು ಮಾತ್ರ ಉಳಿಸಿಕೊಂಡಿತು. ಅಂದರೆ ಕಣ್ಣಿಗೆ ಕಾಣುವ ಅಂತರದಲ್ಲಿ ರೂಪಾಯಿಗೆ ಇಪ್ಪತ್ತೊಂದು ಪೈಸೆ ಕಸುವು, ಮಿಕ್ಕದ್ದು ದಾಳ. ಕ್ಲೆಮೆಂಟೆಯ 0.400 ಇಳಿದು 0.294 ಆಯಿತು, ಮನ್ಸನ್‌ನ 0.178 ಏರಿ 0.247 ಆಯಿತು. ಋತು ಮುಗಿದಮೇಲೆ ತಾಳೆ ನೋಡಿದರೆ 18ರಲ್ಲಿ 16 ಜನರ ವಿಷಯದಲ್ಲಿ ಅವರವರ ಸ್ವಂತ ಸರಾಸರಿಗಿಂತ ಸ್ಟೈನ್ ಅಂಕಿಯೇ ಹತ್ತಿರ. ಒಟ್ಟು ತಪ್ಪು ಮೂರೂವರೆ ಪಟ್ಟು ಕಡಿಮೆ.

ಮನ್ಸನ್ ಉಳಿದ ಋತುವಿನಲ್ಲಿ ಹೊಡೆದದ್ದು 0.316. ಆ ವರ್ಷದ ಅಮೆರಿಕನ್ ಲೀಗಿನ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಅವನಿಗಿಂತ ಒಂದೇ ಒಂದು ಹಿಟ್ ಕಡಿಮೆ ಇದ್ದ ಆಲ್ವಿಸ್ ಏಳಲೇ ಇಲ್ಲ. ಉಳಿದ ಋತುವನ್ನು 0.200ರಲ್ಲಿ ಮುಗಿಸಿದ, ದೊಡ್ಡ ಲೀಗಿನಲ್ಲಿ ಅದೇ ಅವನ ಕೊನೆಯ ವರ್ಷ. 45ನೆಯ ಸರದಿ ಮುಗಿದ ದಿನ ಈ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಯಾರನ್ನು ಇಟ್ಟುಕೊಳ್ಳುತ್ತೀಯ ಅಂತ ಕೇಳಿದ್ದರೆ ಅಂಕಿ ನೋಡಿ ಉತ್ತರ ಹೇಳುವಂತಿರಲಿಲ್ಲ.

ಕ್ಲೆಮೆಂಟೆಯ ವಿಷಯದಲ್ಲಿ ಸೂತ್ರ ಎಡವಿದ್ದನ್ನೂ ಹೇಳಬೇಕು. 0.294 ಅಂದಿತು, ಅವನು 0.346 ಹೊಡೆದ. ಅಷ್ಟು ಹೊತ್ತಿಗೆ ಅವನು ನಾಲ್ಕು ಸಲ ಲೀಗಿನ ಅತಿ ಹೆಚ್ಚು ಸರಾಸರಿ ಗಳಿಸಿದ್ದ ಹಳೇ ಹುಲಿ, ಆದರೆ ಸೂತ್ರಕ್ಕೆ ಅವನೂ ಹದಿನೆಂಟರಲ್ಲೊಬ್ಬ. ಶಿಕಾಗೊ ಕಬ್ಸ್ ತಾರೆ ಬಿಲ್ಲಿ ವಿಲಿಯಮ್ಸ್‌ದೂ ಇದೇ ಕತೆ. ಶುರುವಿನಲ್ಲಿ 0.222ಕ್ಕೆ ಬಿದ್ದವನು ಆಮೇಲೆ 0.330ಕ್ಕೆ ಎದ್ದ. ಪೂರ್ವಚರಿತ್ರೆ ಇದ್ದವನನ್ನು ಎಳೆಯುವುದಾದರೆ ಗುಂಪಿನ ಕಡೆಗಲ್ಲ, ಅವನ ಹಳೆಯ ವರ್ಷಗಳ ಕಡೆಗೇ ಎಳೆಯಬೇಕು. ಇದನ್ನು ಓದಿದಾಗ ನನಗೆ ನೆನಪಾದದ್ದು ಮಾವನ ಎತ್ತು.

ಕೆ.ಆರ್. ಪೇಟೆಯ ಮಾವನಿಗೆ ಜೋಡೆತ್ತಿನ ಗಾಡಿ ಓಟದ ಖಯಾಲಿ. ಎಡಗಡೆಗೆ ಕಟ್ಟುತ್ತಿದ್ದ ಹಳ್ಳಿಕಾರ್ ಎತ್ತು ಸುತ್ತಮುತ್ತ ಹೆಸರು ಮಾಡಿತ್ತು. ಒಂದು ವರ್ಷ ಯಾಕೋ ಮೂರು ಓಟದಲ್ಲಿ ಹಿಂದೆ ಬಿತ್ತು. ಹೇಮಗಿರಿಯ ದನಗಳ ಜಾತ್ರೆಯಲ್ಲಿ ದಲ್ಲಾಳಿಯೊಬ್ಬ ಟವೆಲ್ಲಿನೊಳಗೆ ಮಾವನ ಬೆರಳು ಹಿಡಿದು ಬೆಲೆ ಹೇಳಿದ. ಮಾವ ಕೈ ಎಳೆದುಕೊಂಡರು. "ಮೂರೋಟ ಕಂಡು ಮಾರಕ್ಕಾಯ್ತದಾ? ಇದ್ರವ್ವ ಹೆಂಗಿತ್ತು ಅಂತ ಗೊತ್ತು, ಇದ್ರಣ್ಣ ಈಗ್ಲೂ ಓಡ್ತಾ ಅದೆ. ಮೊದ್ಲು ಗೊರಸು ನೋಡಾನ ನಡಿ" ಅಂದರು. ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ಬೀಜದ ಹೋರಿಗಳನ್ನು ಅಳೆಯಲು ಕಟ್ಟಿದ ಲೆಕ್ಕದ ತಿರುಳೂ ಇದೇ. ಹೋರಿ ಹಾಲು ಕೊಡುವುದಿಲ್ಲ, ಅದರ ಹೆಣ್ಣುಕರುಗಳು ದೊಡ್ಡವಾಗಿ ಎಷ್ಟು ಕರೆಯುತ್ತವೆ ಅಂತ ನೋಡಬೇಕು. ಮಕ್ಕಳು ಕಡಿಮೆಯಿದ್ದಷ್ಟೂ ಅಂಕಿಯನ್ನು ಹಿಂಡಿನ ಸರಾಸರಿಯ ಕಡೆಗೆ ಹೆಚ್ಚು ಎಳೆಯಬೇಕು, ಬಂಧುಬಳಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಗತ್ತಿನ ಹೈನು ತಳಿಗಳನ್ನು ಇವತ್ತು ಆರಿಸುವುದು ಈ ದಾರಿಯಲ್ಲೇ. ಮಾವನ ಎತ್ತಿನ ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿ ಕೀವು ಕಟ್ಟಿತ್ತು.

ಆಯ್ಕೆ ಸಮಿತಿಗಳಿಗೆ ಗೊರಸು ನೋಡುವಷ್ಟು ತಾಳ್ಮೆ ಇರುವುದಿಲ್ಲ. ಕರ್ನಾಟಕದ ಕರುಣ್ ನಾಯರ್ ತನ್ನ ಮೂರನೇ ಟೆಸ್ಟಿನಲ್ಲಿ, 2016ರ ಡಿಸೆಂಬರಿನಲ್ಲಿ, ಚೆಪಾಕಿನಲ್ಲಿ ಇಂಗ್ಲೆಂಡ್ ಮೇಲೆ ಅಜೇಯ 303 ಹೊಡೆದರು. ಭಾರತದ ಪರ ಸೆಹ್ವಾಗ್ ಬಿಟ್ಟರೆ ಮುನ್ನೂರು ದಾಟಿದವರು ಇವರೇ. ಮುಂದಿನ ಟೆಸ್ಟಿನ ಹನ್ನೊಂದರಲ್ಲಿ ಹೆಸರಿಲ್ಲ. ಆಮೇಲೆ ಆಸ್ಟ್ರೇಲಿಯಾ ವಿರುದ್ಧ 26, 0, 23, 5, ಮತ್ತೆ ಎಂಟು ವರ್ಷ ಟೆಸ್ಟ್ ಇಲ್ಲ. ಅಲ್ಲಿಯವರೆಗೆ ಎಲ್ಲ ಸೇರಿ ಏಳು ಇನಿಂಗ್ಸ್, 374 ರನ್, ಸರಾಸರಿ 62.33. ಆ ಏಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿದರೆ 13, ನಮ್ಮ ಬುಕ್ ಕ್ರಿಕೆಟ್ಟಿನ ಸರಾಸರಿ! ಅವರನ್ನು ಕೈಬಿಟ್ಟದ್ದು ಅನ್ಯಾಯ ಅಂತ ನಮ್ಮ ಕಡೆ ಎಲ್ಲರೂ ಬೈದೆವು. ನಾನೂ ಬೈದೆ, ಈಗಲೂ ನಾಲ್ಕು ಇನಿಂಗ್ಸ್ ನೋಡಿ ಕೈಬಿಟ್ಟದ್ದು ತಪ್ಪೆಂದೇ ಹೇಳುತ್ತೇನೆ. ಆದರೆ ಅದೇ ಬಾಯಲ್ಲಿ ಒಂದು ಇನಿಂಗ್ಸಿನ 303 ನೋಡಿ ಆಕಾಶಕ್ಕೇರಿಸಿದ್ದು ಸರಿ ಅನ್ನಲಾರೆ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ಪರ 779 ರನ್, ಎರಡೇ ಸಲ ಔಟ್, ಸರಾಸರಿ 389.5. ಅದು ಯಾವ ಮನುಷ್ಯನ ನಿಜವಾದ ಕಾರ್ಡೂ ಆಗಿರಲಾರದು. 2025ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು: ಎಂಟು ಇನಿಂಗ್ಸ್, 205 ರನ್. ಮತ್ತೆ ಕೈಬಿಟ್ಟರು.

ಹೋದ ವರ್ಷ ಪಾಂಡವಪುರದ ಮನೆಯ ಹೆಂಚು ಬದಲಾಯಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ನೋಟ್‌ಬುಕ್ಕು ಸಿಕ್ಕಿತು. ಕೂತು ಎಣಿಸಿದೆ, ಈ ಸಲ ವಿಶಿ ಒಬ್ಬರದನ್ನಲ್ಲ, ಹನ್ನೊಂದು ಜನರದನ್ನೂ. ಮೇಷ್ಟ್ರ ಲೆಕ್ಕದಲ್ಲಿ ಐದಕ್ಕೊಂದು ಬೀಳಬೇಕಾದ ಸೊನ್ನೆ ಭಾವನ ತಂಡಕ್ಕೆ ಹೆಚ್ಚುಕಡಿಮೆ ಐದಕ್ಕೊಂದೇ ಬಿದ್ದಿದೆ. ನನ್ನ ತಂಡಕ್ಕೆ ಮೂರಕ್ಕೊಂದು! ಗವಾಸ್ಕರ್, ವಿಶಿ, ಕಿರ್ಮಾನಿ, ಕಡೆಗೆ ನಾನು, ಎಲ್ಲರಿಗೂ. ಇಷ್ಟು ಪುಟದಲ್ಲಿ ಇಷ್ಟು ಜನಕ್ಕೆ ದಾಳ ಹೀಗೆ ಮುನಿಯುವುದಿಲ್ಲ. ಇದು ಅದೃಷ್ಟವಲ್ಲ, ಎಲ್ಲೋ ಗೊರಸಿನಲ್ಲಿ ಕಲ್ಲಿದೆ.

ವಿಜ್ಞಾನದ ಪುಸ್ತಕವೂ ಅದೇ ಟ್ರಂಕಿನ ತಳದಲ್ಲಿತ್ತು. ಎತ್ತಿಕೊಂಡು ಮಡಿಲಲ್ಲಿಟ್ಟು ಕೈ ಬಿಟ್ಟರೆ ತಾನಾಗಿಯೇ ಬಿಚ್ಚಿಕೊಂಡಿತು. ನಡುವೆ ಒಂದು ನವಿಲುಗರಿ. ನಾಗಮಂಗಲದ ಅಜ್ಜಿಯ ಜೊತೆ ಆದಿಚುಂಚನಗಿರಿ ಜಾತ್ರೆಗೆ ಹೋದಾಗ ಬೆಟ್ಟದಲ್ಲಿ ಆರಿಸಿಕೊಂಡದ್ದು, ಮರಿ ಹಾಕುತ್ತದೆ ಅಂತ ಇಟ್ಟದ್ದು. ಬಲಗಡೆ 71. ಎಡಗಡೆ 70.

ಭಾವನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಅಂಗಾದ್ರೆ ಸರಣಿ ಮತ್ತೆ ಆಡ್ಬೇಕಾಯ್ತದೆ ಕಣ್ಲಾ" ಅಂದ.